ಮರ ಮರೆಯದ ಕಾಲು

ಮೀನು ಕೊಯ್ಯುವ ಹೆಂಗಸಿಗೆ ಬೆನ್ನುಹುರಿ ಹೊಸತೇನಲ್ಲ. ಅಂಜಲ್ ಮೀನನ್ನು ತುಂಡು ಮಾಡುವಾಗ ನಡುಮುಳ್ಳಿನ ತೂತಿನಿಂದ ಬಿಳಿ ದಾರದ ತುದಿಯೊಂದು ಇಣುಕುತ್ತದಲ್ಲ, ಅದೇ. ಗುಲಾಬಿ ಅದನ್ನು ಉಗುರಿನಿಂದ ಕಿತ್ತು ಬೆಕ್ಕಿಗೆ ಎಸೆದದ್ದಕ್ಕೆ ಲೆಕ್ಕವಿಲ್ಲ. ಮನುಷ್ಯನ ಬೆನ್ನಿನಲ್ಲೂ ಅಂಥದೇ ಒಂದು ದಾರ ಇದೆ, ಕಿರುಬೆರಳಿನಷ್ಟು ದಪ್ಪ. ಅದು ಒಂದು ಕಡೆ ಜಜ್ಜಿದರೆ ಸಾಕು, ಅದರ ಕೆಳಗಿನ ಶರೀರ ಇದ್ದೂ ಇಲ್ಲದ ಹಾಗೆ ಆಗುತ್ತದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಗಂಡ ಮಹಾಬಲ ಪೂಜಾರಿ ತೆಂಗಿನ ಮರದಿಂದ ಬಿದ್ದ ಮೇಲೆ.

ಮಹಾಬಲ ಕಳ್ಳು ಇಳಿಸುವವನು. ಮೀಸೆ ಮೂಡುವ ಮೊದಲೇ ಮರ ಹತ್ತಲು ಕಲಿತವನು. ಹೊಳೆಬಾಗಿಲು ಎಂಬ ಅವನ ಊರಿನಲ್ಲಿ ಅವನಿಗಿಂತ ಬೇಗ ಹತ್ತುವವರು ಇರಲಿಲ್ಲ, ಅವನಷ್ಟು ಜಂಬ ಕೊಚ್ಚುವವರೂ ಇರಲಿಲ್ಲ. ಎರಡು ಪಾದಗಳನ್ನು ಒಟ್ಟಿಗೆ ಹಿಡಿಯುವ ಹಗ್ಗದ ಬಳೆ, ಅದಕ್ಕೆ ತಳೆ ಎನ್ನುತ್ತಾರೆ, ಅದನ್ನು ಸಿಕ್ಕಿಸಿಕೊಂಡು ಮರ ತಬ್ಬಿದನೆಂದರೆ ಮುಗಿಯಿತು. ಆ ತಳೆಯನ್ನು ಹೊಸೆಯುವುದು ಗುಲಾಬಿಯ ಕೆಲಸ. ತೆಂಗಿನ ನಾರು ಹೊಸೆದು, ಕಾಲು ತರಚಬಾರದೆಂದು ಮೇಲೆ ತನ್ನ ಹಳೇ ಸೀರೆಯ ಅಂಚು ಸುತ್ತುತ್ತಿದ್ದಳು. ಬೇರೆ ಯಾರು ಹೊಸೆದದ್ದನ್ನೂ ಅವನು ಕಾಲಿಗೆ ಹಾಕುತ್ತಿರಲಿಲ್ಲ. ಬಿದ್ದ ದಿನ ತಪ್ಪು ತಳೆಯದಲ್ಲ. ಮರದ ತಲೆಯಲ್ಲಿ ಹಿಡಿದ ಗರಿಯ ಮಡಲು ಕೈಗೇ ಕಿತ್ತು ಬಂದಿತ್ತು.

ಬಿದ್ದವನು ಸಾಯಲಿಲ್ಲ. ಮನೆಯ ಚಾವಡಿಯಲ್ಲಿ ಮಂಚ ಹಿಡಿದ. ಊಟ, ನಿದ್ದೆ, ಬೀಡಿ ಎಲ್ಲ ನಡೆಯುತ್ತಿತ್ತು. ನಡೆಯದೆ ಇದ್ದದ್ದು ಒಂದೇ. ಬಾವಿಯ ಆಚೆ, ಮನೆಯ ಹಿಂದಿರುವ ಪಾಯಿಖಾನೆಗೆ ಅವನನ್ನು ಗುಲಾಬಿಯೇ ಎತ್ತಿಕೊಂಡು ಹೋಗಬೇಕು, ಒಳಗೆ ಹಿಡಿದುಕೊಂಡು ನಿಲ್ಲಬೇಕು, ತೊಳೆಯಬೇಕು. ಗಾಲಿಕುರ್ಚಿ ಬಾಗಿಲ ಮೆಟ್ಟಿಲವರೆಗೆ ಮಾತ್ರ. ಅವನಿಗೆ ಆಗ ಮುಖ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅವಳಿಗೂ ತಿಳಿಯುತ್ತಿರಲಿಲ್ಲ, ಆದರೆ ಅವಳು ಏನಾದರೊಂದು ಮಾತಾಡುತ್ತಲೇ ಇರುತ್ತಿದ್ದಳು, ಮೀನಿನ ರೇಟು, ಪಕ್ಕದ ಮನೆ ಕುಷ್ಟ ಮೊಗವೀರನ ನಾಯಿ, ಹೀಗೆ.

"ನಂಗೆ ಮತ್ತೆಂತದೂ ಬ್ಯಾಡ ಮಾರಾಯ್ತಿ," ಒಂದು ದಿನ ಅವನು ಗೋಡೆ ನೋಡಿಕೊಂಡು ಹೇಳಿದ. "ಮರ ಹತ್ತೂದ್ ಬ್ಯಾಡ, ಪೇಟಿಗೆ ಹೋಪ್ದ್ ಬ್ಯಾಡ. ನನ್ನ್ ಕಾಲಗ್ ನಾನೇ ನಡ್ಕಂಡ್ ಹೋಯಿ, ಬಾಗ್ಲ್ ಹಾಕ್ಕಂಡ್ ಕೂಕಣ್ಕ್. ಅಷ್ಟೇ."

ಅಷ್ಟೇ! ಲೋಕದಲ್ಲಿ ಎಲ್ಲರೂ ದಿನಾ ಮಾಡುವುದನ್ನು ಒಬ್ಬ ಗಂಡಸು ದೇವರಲ್ಲಿ ವರ ಕೇಳುವ ಹಾಗೆ ಕೇಳಿದ. ಗುಲಾಬಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಕೋಣೆಗೆ ಹೋದಳು.

ಹೊಳೆಯ ಆಚೆ ದಡದಲ್ಲಿ ಬೆನ್ನುಹುರಿ ಕೇಂದ್ರ ಎಂಬುದೊಂದು ಆಗ ಶುರುವಾಗಿ ಎರಡು ಮಳೆಗಾಲ ಕಳೆದಿತ್ತು. ಜಜ್ಜಿದ ಜಾಗಕ್ಕೆ ಹೊಸ ನರಕೋಶಗಳನ್ನು ನೆಡಲು ಬಂದರೆ ಹೇಗೆ ಎಂದು ಅಲ್ಲಿಯವರು ಕೇಳಿಕೊಂಡಿದ್ದರು. ಬರುತ್ತದೆ ಎಂದೂ ತೋರಿಸಿದ್ದರು. ರೋಗಿಯ ಚರ್ಮದಿಂದಲೇ ಬೆಳೆಸಿದ ನರಕೋಶಗಳನ್ನು ಕೂದಲಿಗಿಂತ ಸಪೂರದ ಎಳೆಯಲ್ಲಿ ಪೋಣಿಸಿ ಹುರಿಯೊಳಗೆ ಇಡುತ್ತಿದ್ದರು. ಅದಕ್ಕೆ ನಾಟಿದಾರ ಎಂದು ಹೆಸರು. ಅದರ ಪಕ್ಕಕ್ಕೇ ಗಾಜಿನ ಎಳೆಯೊಂದನ್ನು ಮಲಗಿಸುತ್ತಿದ್ದರು. ಜೀವಂತ ಹುರಿಯ ಒಳಗೆ ಕ್ಷಣಕ್ಷಣಕ್ಕೆ ಏನಾಗುತ್ತಿದೆಯೆಂದು ಆ ಎಳೆ ಪರದೆಯ ಮೇಲೆ ಕಾಣಿಸುತ್ತಿತ್ತು. ನೋಡಿಕೊಳ್ಳುತ್ತಿದ್ದವರು ಕೋಟದ ಕಡೆಯ ಡಾಕ್ಟರ್ ಸುಕನ್ಯಾ ಐತಾಳ. ಇನ್ನೂ ಮೂವತ್ತೈದು ದಾಟದ ಹೆಂಗಸು, ಮಾತು ಮೆಲ್ಲಗೆ.

ಮಹಾಬಲನ ಬೆನ್ನಿಗೆ ನಾಟಿದಾರ ಇಟ್ಟ ಮರುವಾರ ಅವರು ಗುಲಾಬಿಯನ್ನು ಪರದೆಯ ಎದುರು ಕೂರಿಸಿದರು.

"ಇದು ನಿಮ್ಮ ಯಜಮಾನರ ಬೆನ್ನಿನ ಒಳಗೆ, ಗುಲಾಬಿಯಕ್ಕ. ಸೊಂಟದ ಹತ್ತಿರ."

ಕಪ್ಪಿನಲ್ಲಿ ಹಸಿರು ಹಸಿರಾಗಿ ಏನೇನೋ ಹರಡಿತ್ತು. ಗೆಡ್ಡೆಯಂಥ ಒಂದು ಕೋಶ, ಅದರಿಂದ ಎಲ್ಲ ದಿಕ್ಕಿಗೂ ಬೇರು, ಬೇರಿನಿಂದ ಬೇರು. ಆ ಬೇರುಗಳ ಮೈತುಂಬ ಸಣ್ಣ ಸಣ್ಣ ಗುಬುಟು. ಬೇರೆ ಕೋಶದಿಂದ ಬಂದ ಎಳೆಯ ತುದಿ ಆ ಗುಬುಟಿನ ಹತ್ತಿರ ಬಂದು, ಇನ್ನೇನು ಮುಟ್ಟಬೇಕು ಎನ್ನುವಲ್ಲಿ ನಿಂತಿತ್ತು.

"ಮುಟ್ಟೂದೇ ಇಲ್ಯಾ?" ಗುಲಾಬಿ ಕೇಳಿದಳು.

"ಇಲ್ಲ. ನಡುವೆ ಒಂದು ಸಂದು ಉಂಟು. ಇದನ್ನೇ ನರಸಂಧಿ ಅನ್ನುವುದು. ಸುದ್ದಿ ಬಂದಾಗ ಈ ತುದಿಯಿಂದ ಮದ್ದಿನಂಥ ರಸ ಒಸರಿ ಆ ದಡಕ್ಕೆ ದಾಟುತ್ತದೆ. ಕಾಲು ಎತ್ತುವುದು, ಇಡುವುದು ಎಲ್ಲ ಹೀಗೆ ದಾಟಿ ದಾಟಿಯೇ. ಈಗ ಹೊಸ ದಾರದಿಂದ ಇಂಥವು ಲಕ್ಷಗಟ್ಟಲೆ ಚಿಗುರುತ್ತವೆ. ಎಲ್ಲವೂ ಉಳಿಯುವುದಿಲ್ಲ. ಕೆಲಸ ಸಿಕ್ಕಿದ್ದು ದಪ್ಪವಾಗಿ ನಿಲ್ಲುತ್ತದೆ, ಸಿಗದ್ದು ಒಣಗುತ್ತದೆ."

"ತೆಂಗಿನ್ ಹೊಂಬಾಳಿಯಂಗೆ. ಮಿಡಿ ರಾಶಿ ಬತ್ತ್, ನಿಂತದ್ದೇ ಕಾಯಿ."

"ಹಾಗೇ!" ಡಾಕ್ಟರಿಗೆ ಖುಷಿಯಾಯಿತು. "ನೋಡಿ, ಎಡಬದಿಯಿಂದ ಬಲಬದಿಗೆ ಅಡ್ಡ ಹೋಗುವ ಎಳೆಗಳು ಇವು. ನಾನು ಹೋಗುವಾಗ ನೀನು ನಿಲ್ಲು ಎಂದು ಒಂದು ಕಾಲು ಇನ್ನೊಂದಕ್ಕೆ ಹೇಳುವುದು ಇವುಗಳ ಮೂಲಕ. ನಡಿಗೆ ಅಂದರೆ ಅಷ್ಟೇ ಅಕ್ಕ, ಒಂದು ಹೋಗುವಾಗ ಒಂದು ನಿಲ್ಲುವುದು. ಇವು ಗಟ್ಟಿಯಾಗುವವರೆಗೆ ಕಾಲು ನಡಿಗೆ ಬಿಟ್ಟು ಬೇರೆ ಏನನ್ನೂ ಕಲಿಯಬಾರದು. ತನ್ನಷ್ಟಕ್ಕೆ ಆಡಿದರೆ ಅದರ ಹಿಂದೆ ಬೀಳಬೇಡಿ. ಸುಮ್ಮನೆ ಮಲಗಿಸಿ, ಮೊದಲು ನನಗೆ ಹೇಳಿ."

ಗುಲಾಬಿ ತಲೆ ಆಡಿಸಿದಳು. ಅರ್ಥವಾಗಲಿಲ್ಲವೆಂದಲ್ಲ, ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾದದ್ದೆಲ್ಲ ಬೇಕಾದ ಹೊತ್ತಿಗೆ ನೆನಪಿಗೆ ಬರುವುದಾದರೆ ಮನುಷ್ಯರು ಅಳುವುದಾದರೂ ಯಾಕೆ?

ಕೇಂದ್ರದಲ್ಲಿ ಮಹಾಬಲನನ್ನು ಪಟ್ಟಿಗಳಿಂದ ತೂಗುಹಾಕಿ, ಚಲಿಸುವ ಹಾಸಿನ ಮೇಲೆ ಯಂತ್ರವೇ ಅವನ ಕಾಲುಗಳನ್ನು ಎತ್ತಿ ಇಡಿಸುತ್ತಿತ್ತು. ಎಡ, ಬಲ, ಎಡ, ಬಲ. ಅವನು ಮೇಲಿಂದ ಕೆಳಗೆ ನೋಡಿಕೊಂಡು ಬೇರೆ ಯಾರದೋ ಕಾಲು ಎಂಬಂತೆ ಇರುತ್ತಿದ್ದ. ದೀಪಾವಳಿ ಬಂತು. ಹಬ್ಬಕ್ಕೆ ಮನೆಗೆ ಹೋಗಲೇಬೇಕೆಂದು ಹಟ ಹಿಡಿದ. ಡಾಕ್ಟರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ, ಮಲಗಿದಲ್ಲೇ ಕಾಲನ್ನು ಒಂದಾದ ಮೇಲೊಂದು ಆಡಿಸುವ ಮಡಚುವ ಚೌಕಟ್ಟೊಂದನ್ನು ಜೊತೆಗೆ ಕೊಟ್ಟು ಕಳಿಸಿದರು.

ಎಣ್ಣೆಸ್ನಾನದ ದಿನ ಬೆಳಗ್ಗೆ. ಗುಲಾಬಿ ಅವನ ಮೈಗೆ ಎಣ್ಣೆ ಹಚ್ಚಿ ಚಾವಡಿಯ ಚಾಪೆಯ ಮೇಲೆ ಕೂರಿಸಿ, ಕಂಬಕ್ಕೆ ಎದುರಾಗಿ ಕಾಲು ಚಾಚಿಸಿದ್ದಳು. ಅದು ತೆಂಗಿನ ಮರದ್ದೇ ಕಂಬ. ಎಣ್ಣೆ ಪಾದಗಳು ಜಾರಿ ಕಂಬದ ಎರಡು ಬದಿಗೆ ತಾಗಿದವು. ತಾಗಿದ್ದೇ ತಡ, ಎರಡೂ ಕಾಲು ಒಟ್ಟಿಗೆ ಮಡಚಿದವು, ಪಾದಗಳು ಕಂಬವನ್ನು ಕಚ್ಚಿ ಹಿಡಿದವು, ಒಟ್ಟಿಗೆ ಒತ್ತಿದವು. ಮಹಾಬಲ ಕೂತ ಚಾಪೆಯ ಸಮೇತ ಹಿಂದಕ್ಕೆ ಸರಿದ.

ಗುಲಾಬಿಯ ಕೈಯಿಂದ ಎಣ್ಣೆಬಟ್ಟಲು ಬಿತ್ತು.

"ಹ್ವಾಯ್! ಅದ್ ನೀವ್ ಮಾಡಿದ್ದಾ?"

"ನಾನೇ!" ಅವನ ಬಾಯಿ ತೆರೆದೇ ಇತ್ತು. "ನಾನೇ ಮಾಡಿದ್ದ್ ಕಾಣ್! ನಿಲ್ಲ್, ಇನ್ನೊಂದ್ಸಲ ಮಾಡ್ತೆ."

ಮತ್ತೆ ಮಾಡಿದ. ಮತ್ತೆ ಆಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು, ನಕ್ಕರು, ಎಣ್ಣೆಯಲ್ಲಿ ಜಾರಿದರು. ಸತ್ತ ಕಾಲು ಎದ್ದು ಬಂದಿತ್ತು! ಯಂತ್ರ ಆಡಿಸಿದ್ದಲ್ಲ, ಮಹಾಬಲ ಆಡಿಸಿದ್ದು. ಅವಳಿಗೆ ಆಗ ಪರದೆಯೂ ನೆನಪಾಗಲಿಲ್ಲ, ಅಡ್ಡ ಎಳೆಯೂ ನೆನಪಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೆನಪಾಯಿತು, ಸುಳ್ಳು ಯಾಕೆ ಹೇಳಬೇಕು.

"ಡಾಕ್ಟ್ರಮ್ಮಂಗೆ ಫೋನ್ ಮಾಡ್ಕಲ್ದಾ?" ಅಂದಳು.

"ಹಬ್ಬದ್ ದಿನ ಅವ್ರಿಗೆಂತಕ್ಕೆ ತೊಂದ್ರಿ? ಪೂರ್ತಿ ಬಂದ್ ಮೇಲೆ ಹೋಯಿ ಕಾಣ್ಸುವ. ಅವ್ರ್ ಹೆದ್ರಿ ಹಾರ್ಕ್! ತಳೆ ಎಲ್ಲಿತ್ತ್? ತಕಂಡ್ ಬಾ."

ಅಟ್ಟದಲ್ಲಿ ಹೊಗೆ ಹಿಡಿದಿದ್ದ ತಳೆ ಎಳೆ ಬಿಟ್ಟುಕೊಂಡಿತ್ತು. ಗುಲಾಬಿ ಹಬ್ಬದ ಕೆಲಸ ಬಿಟ್ಟು ಅಂಗಳದಲ್ಲಿ ಕೂತು ಹೊಸ ನಾರು ಹೊಸೆದಳು. ಉಟ್ಟಿದ್ದ ಸೀರೆಯ ಅಂಚನ್ನೇ ಹರಿದು ಸುತ್ತಿದಳು. ತನ್ನ ಕೈಯಾರೆ ಅವನ ಪಾದಕ್ಕೆ ತೊಡಿಸಿದಳು. ತಳೆ ಬಿದ್ದ ಕೂಡಲೇ ಕಾಲುಗಳಿಗೆ ಹಳೇ ಸ್ನೇಹಿತ ಸಿಕ್ಕಿದಂತಾಯಿತು.

ಊರಿನ ಕಿವಿಗೆ ಬೀಳಲು ಎಷ್ಟು ಹೊತ್ತು? ಮೊದಲು ಕುಷ್ಟ ಮೊಗವೀರ ಬಂದ, ಆಮೇಲೆ ಅವನ ಮನೆಯವರು, ಪಾಡ್ಯದ ಸಂಜೆ ಗದ್ದೆಯಲ್ಲಿ ಬಲಿ ಚಕ್ರವರ್ತಿಯನ್ನು ಬಲೀಂದ್ರ ಎಂದು ಕೂಗಿ ಕರೆದು ಬಂದವರು ದೊಂದಿ ಹಿಡಿದುಕೊಂಡು ಹಾಗೇ ಅಂಗಳಕ್ಕೆ ಬಂದರು. "ಇನ್ನೊಂದ್ಸಲ ಕಾಣ್ಸ್ ಮಾಬಲಣ್ಣ!" ಎಂದು ಒಬ್ಬ. "ಕಂಬ ಬಿದ್ದ್ ಹೋತ್ತೋ!" ಎಂದು ಇನ್ನೊಬ್ಬ. ಮಹಾಬಲ ಬೇಡ ಎನ್ನುವ ಗಿರಾಕಿಯೇ? ಹಬ್ಬ ಮುಗಿಯುವವರೆಗೆ ಬಂದವರಿಗೆಲ್ಲ ತೋರಿಸಿದ, ಯಾರೂ ಇಲ್ಲದಾಗ ಗುಲಾಬಿಗೆ ತೋರಿಸಿದ, ಅವಳೂ ಇಲ್ಲದಾಗ ತನಗೇ ತೋರಿಸಿಕೊಂಡ. ಗುಲಾಬಿ ಬಂದವರಿಗೆ ಅವಲಕ್ಕಿ ಕೊಟ್ಟಳು. ಚೌಕಟ್ಟು ಮಂಚದ ಅಡಿಯಲ್ಲಿ ಮಡಚಿದಂತೆಯೇ ಇತ್ತು. ಅಷ್ಟು ಸಂತೋಷದ ದೀಪಾವಳಿ ಆ ಮನೆಯಲ್ಲಿ ಹಿಂದೆ ಆಗಿರಲಿಲ್ಲ.

ಕೇಂದ್ರಕ್ಕೆ ಮರಳಿದಾಗ ಡಾಕ್ಟರು ಹೆದರಿ ಹಾರಲಿಲ್ಲ. ಅವನನ್ನು ತೂಗುಹಾಕಿ ಹಾಸು ಓಡಿಸಿದರು. ಎಡಗಾಲು ಎತ್ತಿದರೆ ಬಲಗಾಲೂ ಬಂತು. ಬಲಗಾಲು ಇಳಿದರೆ ಎಡಗಾಲೂ ಇಳಿಯಿತು. ಎರಡು ಕಾಲೂ ಕಪ್ಪೆಯಂತೆ ಒಟ್ಟಿಗೆ ಕುಪ್ಪಳಿಸಿದವು. ಹಾಸನ್ನು ನಿಧಾನ ಮಾಡಿ ನೋಡಿದರು, ಬೇಗ ಮಾಡಿ ನೋಡಿದರು. ಅದೇ. ಪಟ್ಟಿ ಸಡಿಲ ಮಾಡಿದಾಗ ಮಹಾಬಲ ನಿಲ್ಲಲಿಲ್ಲ, ಒಮ್ಮೆ ನೆಗೆದು ಗೋಣಿಯಂತೆ ಕುಸಿದ.

ಡಾಕ್ಟರು ಪರದೆ ಚಾಲೂ ಮಾಡಿದರು. ಬಹಳ ಹೊತ್ತು ನೋಡಿದರು.

"ಗುಲಾಬಿಯಕ್ಕ, ಮನೆಯಲ್ಲಿ ಏನು ಮಾಡಿದಿರಿ?"

"ಎಂತದೂ ಇಲ್ಲ ಡಾಕ್ಟ್ರೆ," ಎಂದ ಮಹಾಬಲ ಮಂಚದಿಂದ. "ಚೌಕಟ್ಟಿನಗೇ ಮಾಡಿದ್ದ್."

ಗುಲಾಬಿಗೆ ತಡೆಯಲಾಗಲಿಲ್ಲ. "ನಾನೇ ತಳೆ ಕಟ್ಟಿದ್ದ್ ಅಮ್ಮಾ," ಅಂದಳು. ಕಂಬದ್ದು, ಎಣ್ಣೆಯದ್ದು, ಊರವರು ಬಂದದ್ದು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಎಲ್ಲ ಕಣ್ಣಿಗೆ ಕಟ್ಟಿತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ನೀನು ನಿಲ್ಲು ಎನ್ನುವ ಅಡ್ಡ ಎಳೆಗಳು ಬೋಳಾಗಿದ್ದವು, ಗುಬುಟುಗಳು ಉದುರಿದ್ದವು. ಒಟ್ಟಿಗೆ ಬಾ ಎನ್ನುವವು ಮಾತ್ರ ಹಗ್ಗದಂತೆ ಹುರಿಗೊಂಡು ಹಸಿರಾಗಿ ಉರಿಯುತ್ತಿದ್ದವು.

"ಹುರಿಯ ಕೆಳಗಿನ ಭಾಗಕ್ಕೆ ಅದರದೇ ನೆನಪು ಉಂಟು," ಡಾಕ್ಟರು ಮೆಲ್ಲಗೆ ಹೇಳಿದರು. "ವರ್ಷಗಟ್ಟಲೆ ಎರಡು ಕಾಲು ಒಂದೇ ಮಾಡಿ ಹತ್ತಿದ್ದಾರಲ್ಲ, ಅದು ಮೊದಲು ಎದ್ದಿದೆ. ಎದ್ದದ್ದನ್ನು ಬಿಟ್ಟಿದ್ದರೆ ಮಲಗುತ್ತಿತ್ತು. ಮತ್ತೆ ಮತ್ತೆ ಕರೆದಿರಿ, ನಿಂತಿತು. ಇವರು ಕಳ್ಳು ಇಳಿಸುವವರು ಎಂದು ಗೊತ್ತಿತ್ತು ನನಗೆ. ಹೇಗೆ ಹತ್ತುತ್ತಾರೆ ಎಂದು ನಾನಾದರೂ ಕೇಳಬೇಕಿತ್ತು." ಅವರ ಕಣ್ಣು ಕೆಂಪಾಗಿತ್ತು.

"ಈಗ ಎಂತ ಮಾಡೂದ್?"

"ಗಟ್ಟಿಯಾದ ನರಸಂಧಿಗಳ ಸುತ್ತ ಒಂದು ಬಲೆ ಕಟ್ಟುತ್ತದೆ. ಅದನ್ನು ಕರಗಿಸುವ ಮದ್ದು ಉಂಟು. ಕರಗಿಸಿದರೆ ಈ ಹತ್ತುವುದೂ ಹೋಗುತ್ತದೆ, ಪೂರ್ತಿ ಹೋಗುತ್ತದೆ. ಮತ್ತೆ ಚಿಗುರಿದರೆ ನಡಿಗೆ ಕಲಿಸಬಹುದು. ಚಿಗುರದಿದ್ದರೆ ಮೊದಲಿನ ಹಾಗೆ. ಈವರೆಗೆ ಮದ್ದು ಕೊಟ್ಟವರಲ್ಲಿ ಚಿಗುರಿದವರು ಉಂಟು, ಚಿಗುರದವರೂ ಉಂಟು. ತಡ ಮಾಡಿದರೆ ಆ ದಾರಿಯೂ ಮುಚ್ಚುತ್ತದೆ. ಈ ವಾರದಲ್ಲಿ ಯೋಚನೆ ಮಾಡಿ."

ಯೋಚನೆ ಮಾಡಲು ಗುಲಾಬಿಗೆ ವಾರ ಬೇಕಿರಲಿಲ್ಲ. ಕರಗಿಸಲಿ. ತಾನು ಹೊಸೆದದ್ದು, ತಾನು ಕಟ್ಟಿದ್ದು, ತನ್ನ ಸೀರೆಯಂಚಿನ ಪಾಪ, ಅದೆಲ್ಲ ಅವನ ಬೆನ್ನಿನಿಂದ ಕರಗಿ ಹೋಗಲಿ. ಚಿಗುರದಿದ್ದರೆ? ಅದನ್ನು ಅವಳು ಯೋಚಿಸಲಿಲ್ಲ. ಮನೆಗೆ ಬರುವಾಗ ದೋಣಿಯಲ್ಲಿ ಅವಳು ಅಳುತ್ತಲೇ ಇದ್ದಳು. ಮಹಾಬಲ ಅವಳನ್ನು ನೋಡಲಿಲ್ಲ, ದಡದ ತೆಂಗಿನ ಮರಗಳನ್ನು ನೋಡುತ್ತಿದ್ದ.

ಎರಡು ದಿನ ಅವನು ಬಾಯಿ ಬಿಡಲಿಲ್ಲ. ಜಂಬದ ಮನುಷ್ಯ ಸುಮ್ಮನಾದರೆ ಮನೆಗೆ ಮನೆಯೇ ಬಿಕೋ ಎನ್ನುತ್ತದೆ. ಮೂರನೇ ದಿನ ಮಧ್ಯಾಹ್ನ ಗಂಜಿ ಉಂಡ ಮೇಲೆ ಹೇಳಿದ.

"ಕರಗ್ಸೂದಾದ್ರೆ ಕರಗ್ಸ್ಲಿ. ಅದಕ್ಕಿಂತ್ ಮುಂಚೆ ನನ್ನ ಒಂದ್ಸಲ ಹತ್ಸ್."

"ನಿಮ್ಗೆ ಮಂಡೆ ಸಮ ಇತ್ತಾ? ಇನ್ನೊಂದ್ಸಲ ಬಿದ್ದ್ರೆ?"

"ಸೊಂಟಕ್ಕೆ ಹಗ್ಗ ಕಟ್ಟ್ಕಂತೆ. ಕುಷ್ಟ ಬರ್ಲಿ. ಗುಲಾಬಿ, ನಾ ನಿನ್ನತ್ರ ಬೇರೆಂತ ಕೇಂಡಿದೆ?"

ಕೇಳಿರಲಿಲ್ಲ, ಅದು ನಿಜ. ಅವಳು ಬೈದಳು, ಅತ್ತಳು, ದೇವರ ಮೇಲೆ ಆಣೆ ಹಾಕಿದಳು. ಕೊನೆಗೆ ಎದ್ದು ಕುಷ್ಟನನ್ನು ಕರೆದಳು. ಇಬ್ಬರೂ ಸೇರಿ ಮಹಾಬಲನನ್ನು ಹೊತ್ತು ಅಂಗಳದ ಅಂಚಿನ ಮರಕ್ಕೆ ಒರಗಿಸಿದರು. ಬಿದ್ದ ಮರವಲ್ಲ, ಗಿಡ್ಡದು. ಕುಷ್ಟ ಸೊಂಟದ ಹಗ್ಗವನ್ನು ಮರಕ್ಕೆ ಬಳಸಿ ಕಟ್ಟಿದ. ತಳೆ ಮಾತ್ರ ಗುಲಾಬಿಯೇ ತೊಡಿಸಬೇಕಾಯಿತು. ಎರಡು ಸಲ ಜಾರಿತು, ಮೂರನೇ ಸಲ ಕೂತಿತು.

ಮಹಾಬಲ ಮರ ತಬ್ಬಿದ. ಪಾದಗಳು ಮರಕ್ಕೆ ತಾಗಿದವು. ಆಮೇಲೆ ಅವಳು ನೋಡಿದ್ದನ್ನು ಅವಳಿಗೆ ನಂಬಲು ಕಷ್ಟವಾಯಿತು. ಇಷ್ಟು ಹೊತ್ತು ಚೀಲದಂತೆ ಜೋತು ಬಿದ್ದಿದ್ದ ಶರೀರ ಒಮ್ಮೆಗೇ ಒಂದಾಗಿ ಎದ್ದಿತು. ಕೈ ಮೇಲೆ, ಕಾಲು ಒಟ್ಟಿಗೆ, ಹಗ್ಗ ಮೇಲೆ, ಮತ್ತೆ ಕೈ. ಎಲ್ಲೂ ತಡವರಿಕೆ ಇಲ್ಲ. ಅವನು ಅವಳ ತಲೆಗಿಂತ ಮೇಲೆ ಹೋದ, ಮನೆಯ ಮಾಡಿಗಿಂತ ಮೇಲೆ ಹೋದ. ಮದುವೆಯಾದ ಹೊಸತರಲ್ಲಿ ಮನೆಯ ಹೊಸ್ತಿಲಲ್ಲಿ ನಿಂತು ಅವಳು ಕದ್ದು ನೋಡುತ್ತಿದ್ದ ಅದೇ ಬೆನ್ನು, ಅದೇ ಅಂಡು ಕುಣಿಸುವ ಠೀವಿ. ಅವಳಿಗೆ ನಗು ಬಂತು. ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಮರದ ಬುಡದಲ್ಲೇ ಕೂತಳು.

ಮೇಲೆ ಮಡಲಿನ ನಡುವೆ ಅವನು ಬಹಳ ಹೊತ್ತು ಕೂತ.

"ಸಾಕ್ ಇಳೀನಿ!" ಕುಷ್ಟ ಕೂಗಿದ.

"ತಡಿಯಾ," ಮೇಲಿಂದ ಸ್ವರ ಬಂತು. ಆ ಸ್ವರದಲ್ಲಿ ಹಳೇ ಜಂಬವಿತ್ತು. "ಹೊಳಿ ಕಾಂತ್. ಅಳಿವೆ ಬಾಯಗ್ ದೋಣಿ ಕಾಂತ್. ಕುಷ್ಟಾ, ನಿನ್ನ್ ಮಾಡಿನ್ ಹಂಚ್ ಒಡ್ದಿತ್ತ್ ಕಾಣ್!"

ಬಿಸಿಲು ಇಳಿಯುವ ಹೊತ್ತಿಗೆ ಅವನೂ ಇಳಿದ. ಇಳಿಯುವಾಗಲೂ ಹಾಗೇ, ಅಷ್ಟೇ ಸಲೀಸು. ಪಾದ ನೆಲಕ್ಕೆ ತಾಗಿತು. ಅಲ್ಲಿಗೆ ಮುಗಿಯಿತು. ಮೊಣಕಾಲು ಎರಡೂ ಒಟ್ಟಿಗೆ ಮಡಚಿ, ಒಟ್ಟಿಗೆ ಬಿಟ್ಟು, ಅವನು ಅವಳ ಮೇಲೆ ಬಿದ್ದ. ಕುಷ್ಟ ಹಗ್ಗ ಬಿಚ್ಚಿ, ನಾಯಿ ಕಟ್ಟಬೇಕು ಎಂದು ಹೇಳಿ ಹೋದ.

ಮರದ ಬುಡದಲ್ಲಿ ಇಬ್ಬರೇ ಉಳಿದರು. ಅವನ ಎದೆ ಇನ್ನೂ ಏರಿಳಿಯುತ್ತಿತ್ತು, ಮೈಯಿಂದ ಬೆವರು ಮತ್ತು ತೆಂಗಿನ ಹೂವಿನ ವಾಸನೆ ಬರುತ್ತಿತ್ತು.

"ಗುಲಾಬಿ, ಕರಗ್ಸೂದ್ ಬ್ಯಾಡ."

ಅವಳು ತಲೆಯೆತ್ತಿದಳು. "ಎಂತ ಹೇಳ್ತ್ರಿ? ನಡೂಕ್ ಆಪ್ದ್ ಇನ್ನ್ ಯಾವತ್ತೂ ಇಲ್ಲ, ಗೊತ್ತಿತ್ತಲ್ದಾ?"

"ಗೊತ್ತಿತ್ತ್."

"ಚಿಗ್ರಿದ್ರೂ ಚಿಗ್ರ್ತ್!"

"ಚಿಗುರ್ದೆ ಇದ್ರೆ? ಈಗ ಅದೊಂದಾರೂ ನಂದಿತ್ತ್. ಅದನ್ನೂ ಕೊಟ್ಟ್ ಬರೂಕೆ ನನ್ನತ್ರ ಆತಿಲ್ಲೆ ಮಾರಾಯ್ತಿ. ಮೇಲ್ ಕೂಕಂಡಾಗ ನಾ ಮಾಬಲನೇ ಆಯಿದ್ದೆ."

ಅವಳಿಗೆ ಸಿಟ್ಟು ಬಂತು. ನೆತ್ತಿಗೇರಿದ ಸಿಟ್ಟು. ಮೇಲೆ ಅವನು ಮಹಾಬಲ, ಕೆಳಗೆ ಹೊರುವವಳು ಯಾರು? ತನ್ನ ಸೊಂಟಕ್ಕೂ ಒಂದು ದಿನ ವಯಸ್ಸಾಗುವುದಿಲ್ಲವೇ? ಬಾಗಿಲು ಹಾಕಿಕೊಂಡು ಕೂರಬೇಕು ಎಂದು ಗೋಡೆ ನೋಡಿ ಅತ್ತವನು ಇವನೇ ಅಲ್ಲವೇ? ಎಲ್ಲ ಬಾಯಿಯವರೆಗೆ ಬಂತು. ಆಗ ಅವನು ಬಗ್ಗಿ ತನ್ನ ಪಾದದ ತಳೆಯನ್ನು ಬಿಚ್ಚಲಾರದೆ ಎಳೆಯುತ್ತಿರುವುದನ್ನು ನೋಡಿದಳು.

"ನೀ ಕಟ್ಟಿದ್ದ್ ತಪ್ಪಲ್ಲ," ಅವನು ಅವಳ ಮುಖ ನೋಡದೆ ಹೇಳಿದ. "ನಾ ಕೇಂಡಿದ್ದ್, ನೀ ಕಟ್ಟಿದ್ದ್. ಬೇರೆ ಯಾರ್ ಕಟ್ಟ್ಕಿದ್ದಿತ್?"

ಅವಳು ತಳೆ ಬಿಚ್ಚಿದಳು. ಧೂಳು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಳೆ ಡಾಕ್ಟರಮ್ಮನಿಗೆ ಫೋನು ಮಾಡಿ ಬೇಡ ಎಂದು ಹೇಳಬೇಕು. ಅವರು ಆಯಿತು ಅಕ್ಕ ಎನ್ನುತ್ತಾರೆ.

"ಗುಲಾಬಿ," ಅವನು ತಗ್ಗಿದ ಸ್ವರದಲ್ಲಿ ಕರೆದ. ಜಂಬವೆಲ್ಲ ಎಲ್ಲಿ ಹೋಯಿತೋ. "ಹಿಂದ್ ಬದಿಗೆ ಹೋಯ್ಕಿತ್."

ಅವಳು ಬೆನ್ನು ಕೊಟ್ಟು ಕೂತಳು. ಅವನು ಮರ ತಬ್ಬಿದ ಅದೇ ಕೈಗಳಿಂದ ಅವಳ ಕುತ್ತಿಗೆ ಬಳಸಿದ. ಅವನನ್ನು ಹೊತ್ತು ಬಾವಿಕಟ್ಟೆ ಬಳಸಿ, ಮೆಟ್ಟಿಲು ಹತ್ತಿ, ಒಳಗೆ ಇಳಿಸಿ ಕೂರಿಸಿದಳು. ಅವನು ಒಂದು ಕಡೆಗೆ ವಾಲಿದ, ಹೆಗಲು ಹಿಡಿದು ನೇರ ಮಾಡಿದಳು. ಹೊರಗೆ ಸಂಜೆಯ ಬೆಳಕು ಇನ್ನೂ ಇತ್ತು.

"ಬಾಗ್ಲ್ ಹಾಕ್," ಅವನು ಹೇಳಿದ.

ಗುಲಾಬಿ ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ ಬಾಗಿಲು ಎಳೆದು ಚಿಲಕ ಹಾಕಿದಳು. ಮೀನಿನ ರೇಟು, ಕುಷ್ಟನ ನಾಯಿ, ಯಾವ ಮಾತೂ ಆ ದಿನ ಬಾಯಿಗೆ ಬರಲಿಲ್ಲ. ಕತ್ತಲಲ್ಲಿ ಅವನ ಹೆಗಲು ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅವಳು ನಿಂತಳು.